ಪ್ರಾದೇಶಿಕ ಅಸಮತೋಲನ: ಕರ್ನಾಟಕದ ಅನುಭವ ಮತ್ತು ಅಧ್ಯಯನ

ಒಂದೇ ಆಡಳಿತಕ್ಕೆ ಸೇರಿದ ನಾಡಿನ ಬೇರೆಬೇರೆ ಭಾಗಗಳ ನಡುವೆ ಆದಾಯ, ಶಿಕ್ಷಣ, ಆರೋಗ್ಯ, ಉದ್ಯೋಗ ಮತ್ತು ಸಾರ್ವಜನಿಕ ಸೌಲಭ್ಯಗಳಲ್ಲಿ ತಲೆಮಾರುಗಳ ಕಾಲ ಉಳಿದು ಬರುವ ಅಂತರವನ್ನು ಪ್ರಾದೇಶಿಕ ಅಸಮತೋಲನ ಎನ್ನುತ್ತಾರೆ. ಅಂತರ ಎಲ್ಲ ನಾಡುಗಳಲ್ಲೂ ಇರುತ್ತದೆ. ಅದು ತನ್ನನ್ನು ತಾನೇ ಬೆಳೆಸಿಕೊಳ್ಳತೊಡಗಿದಾಗ ಅರ್ಥಶಾಸ್ತ್ರದ ಸಮಸ್ಯೆಯಾಗುತ್ತದೆ, ಒಂದು ಭಾಗದ ಜನರು ತಮ್ಮ ರಾಜ್ಯದಲ್ಲೇ ತಾವು ಹೊರಗಿನವರೆಂದು ಭಾವಿಸತೊಡಗಿದಾಗ ರಾಜಕೀಯದ ಸಮಸ್ಯೆಯಾಗುತ್ತದೆ. ಕರ್ನಾಟಕ ಈ ಎರಡನ್ನೂ ಕಂಡಿದೆ. ಅಂತರವನ್ನು ತಾಲ್ಲೂಕು ಮಟ್ಟದಲ್ಲಿ ಅಳೆದು, ಹಣ ಹಂಚಿ, ಸಂವಿಧಾನದ ತಿದ್ದುಪಡಿಯ ಮೂಲಕವೂ ಪರಿಹಾರ ಹುಡುಕಿದ ರಾಜ್ಯವಿದು. ಆದ್ದರಿಂದ ಇಲ್ಲಿನ ಅನುಭವ ಪ್ರಾದೇಶಿಕ ಅರ್ಥಶಾಸ್ತ್ರದ ಇಂದಿನ ದೊಡ್ಡ ಚರ್ಚೆಯೊಂದಕ್ಕೆ ಪುರಾವೆ ಒದಗಿಸುತ್ತದೆ. ಹಿಂದುಳಿದ ಪ್ರದೇಶಕ್ಕೆ ಆಸ್ತಿಗಳನ್ನು ಕಟ್ಟಿಕೊಟ್ಟರೆ ಸಾಕೆ, ಅವುಗಳನ್ನು ಬದುಕಾಗಿ ಪರಿವರ್ತಿಸುವ ಜನರ ಮತ್ತು ಸಂಸ್ಥೆಗಳ ಸಾಮರ್ಥ್ಯವನ್ನು ಮೊದಲು ಬೆಳೆಸಬೇಕೆ ಎಂಬುದೇ ಆ ಚರ್ಚೆ. ಕರ್ನಾಟಕದ ಪುರಾವೆ ಎರಡನೆಯದರ ಕಡೆಗೆ ವಾಲುತ್ತದೆ.

ಅಂತರ ಏಕೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳಿವೆ. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ 1957ರಲ್ಲಿ ಸಂಚಿತ ಕಾರಣತ್ವದ ವಾದವನ್ನು ಮಂಡಿಸಿದರು. ಮುಂದಿರುವ ಪ್ರದೇಶ ಹಿಂದಿರುವ ಪ್ರದೇಶದ ಬಂಡವಾಳವನ್ನೂ ಕುಶಲ ಜನರನ್ನೂ ಸೆಳೆದುಕೊಳ್ಳುತ್ತದೆ, ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಅಂತರ ಹಿಗ್ಗುತ್ತದೆ ಎಂಬುದು ಅದರ ತಿರುಳು. 1965ರಲ್ಲಿ ಜೆಫ್ರಿ ವಿಲಿಯಮ್ಸನ್ ಹಲವು ದೇಶಗಳ ಅಂಕಿಅಂಶಗಳನ್ನು ಮುಂದಿಟ್ಟು, ಅಭಿವೃದ್ಧಿಯ ಆರಂಭದಲ್ಲಿ ಅಂತರ ಹೆಚ್ಚಿ ಮುಂದೆ ತಾನಾಗಿ ಇಳಿಯುತ್ತದೆ ಎಂದರು. 1991ರಲ್ಲಿ ಪಾಲ್ ಕ್ರುಗ್‌ಮನ್ ಮಂಡಿಸಿದ ಮಾದರಿ ಮಿರ್ಡಾಲ್‌ರ ಒಳನೋಟಕ್ಕೆ ಗಣಿತದ ಬುನಾದಿ ಒದಗಿಸಿತು. ದೊಡ್ಡ ಪ್ರಮಾಣದ ಉತ್ಪಾದನೆಯ ಲಾಭ ಮತ್ತು ಸಾಗಣೆ ವೆಚ್ಚ ಸೇರಿದಾಗ ಉದ್ಯಮಗಳು ಒಂದೆಡೆ ಗುಂಪುಗೂಡುತ್ತವೆ, ಒಮ್ಮೆ ಗುಂಪುಗೂಡಿದ ಮೇಲೆ ಸುಲಭವಾಗಿ ಚದುರುವುದಿಲ್ಲ ಎಂದು ಅದು ತೋರಿಸಿತು. ಬೆಂಗಳೂರಿನ ಕಥೆ ಇದಕ್ಕೆ ಒಪ್ಪುತ್ತದೆ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, 1940ರಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ, ಸ್ವಾತಂತ್ರ್ಯಾನಂತರ ಐಟಿಐ, ಎಚ್‌ಎಂಟಿ, ಬಿಇಎಲ್ ಒಂದರ ಹಿಂದೆ ಒಂದು ಅಲ್ಲಿ ನೆಲೆಗೊಂಡವು. ತಂತ್ರಾಂಶ ಉದ್ಯಮ ಬರುವ ಹೊತ್ತಿಗೆ ಎಂಜಿನಿಯರುಗಳ ನಗರವೊಂದು ಅಲ್ಲಿ ಸಿದ್ಧವಾಗಿತ್ತು.

ರಾಜ್ಯದ ಉಳಿದ ಭಾಗಗಳು ಬೇರೆ ದಾರಿಗಳಲ್ಲಿ ಬಂದವು. 1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದರಾಸು ಪ್ರಾಂತ್ಯದ ಕನ್ನಡ ಭಾಗಗಳು ಮತ್ತು ಕೊಡಗು ಒಂದೇ ರಾಜ್ಯವಾದಾಗ, ಬೇರೆಬೇರೆ ಕಂದಾಯ ಪದ್ಧತಿ, ಶಾಲಾ ವ್ಯವಸ್ಥೆ, ಆಡಳಿತ ಭಾಷೆಗಳನ್ನು ಕಂಡ ಜನರು ಒಂದೇ ಸೂರಿನಡಿ ಬಂದರು. ಮೈಸೂರು ಸಂಸ್ಥಾನ ವಿದ್ಯುತ್ತು, ಕಾಲೇಜು, ಕಾರ್ಖಾನೆಗಳಲ್ಲಿ ಆಗಲೇ ಹಣ ತೊಡಗಿಸಿತ್ತು. ನಿಜಾಮರ ಆಳ್ವಿಕೆಯ ಬೀದರ್, ಕಲಬುರಗಿ, ರಾಯಚೂರು ಭಾಗಗಳು 1948ರ ಸೆಪ್ಟೆಂಬರ್‌ವರೆಗೂ ಸ್ವತಂತ್ರ ಭಾರತದ ಹೊರಗೇ ಇದ್ದವು. ಹೊಸ ರಾಜ್ಯದ ಅಸಮತೆಯನ್ನು ವಿದ್ವಾಂಸರು ಬೇಗನೆ ಗಮನಿಸಿದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಪರವಾಗಿ ಎ.ಟಿ.ಎ. ಲರ್ಮಂತ್ ಮತ್ತು ಎಲ್.ಎಸ್. ಭಟ್ ಅವರು 1960ರ ದಶಕದ ಆರಂಭದಲ್ಲಿ ಸಿದ್ಧಪಡಿಸಿದ ಮೈಸೂರು ರಾಜ್ಯದ ಸಂಪನ್ಮೂಲ ನಕ್ಷಾಸಂಪುಟ, ಮಳೆ, ಮಣ್ಣು, ಬೆಳೆ, ಜನವಸತಿಗಳನ್ನು ಒಟ್ಟಿಗೆ ಇಟ್ಟು ಪ್ರದೇಶಗಳನ್ನು ಗುರುತಿಸಿತು. ದೇಶದಲ್ಲಿ ಪ್ರಾದೇಶಿಕ ಯೋಜನೆಯ ಅಧ್ಯಯನಕ್ಕೆ ಅಡಿಪಾಯ ಹಾಕಿದ ಕೃತಿಗಳಲ್ಲಿ ಅದೂ ಒಂದು.

ಈ ಪರಂಪರೆಯ ದೊಡ್ಡ ಮೈಲಿಗಲ್ಲು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ. 2000ದಲ್ಲಿ ನೇಮಕವಾದ ಈ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಉದ್ಯಮ ಮತ್ತು ಹಣಕಾಸು, ಆರ್ಥಿಕ ಮೂಲಸೌಕರ್ಯ, ಸಾಮಾಜಿಕ ಮೂಲಸೌಕರ್ಯ, ಜನಸಂಖ್ಯೆಯ ಲಕ್ಷಣಗಳು ಎಂಬ ಐದು ಗುಂಪುಗಳ 35 ಸೂಚಕಗಳನ್ನು ಸೇರಿಸಿ, ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಆಗಿನ 175 ತಾಲ್ಲೂಕುಗಳಿಗೂ ಸೂಚ್ಯಂಕ ಕೊಟ್ಟಿತು. 114 ತಾಲ್ಲೂಕುಗಳು ಸರಾಸರಿಗಿಂತ ಕೆಳಗಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಣೆಯಾಯಿತು. ಕೊನೆಯ ಸ್ಥಾನ ರಾಯಚೂರು ಜಿಲ್ಲೆಯ ದೇವದುರ್ಗದ್ದು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು, 13 ದಕ್ಷಿಣದ ಎರಡು ವಿಭಾಗಗಳಲ್ಲಿದ್ದವು. ಎಂಟು ವರ್ಷಗಳಲ್ಲಿ ₹31,000 ಕೋಟಿಯ ವಿಶೇಷ ಅಭಿವೃದ್ಧಿ ಯೋಜನೆ ನಡೆಸಿ ಅದರ 60 ಭಾಗವನ್ನು ಉತ್ತರಕ್ಕೆ, 40 ಭಾಗವನ್ನು ದಕ್ಷಿಣಕ್ಕೆ ಕೊಡಬೇಕೆಂದು ಸಮಿತಿ ಹೇಳಿತು. ಯೋಜನೆ 2007–08ರಿಂದ ಜಾರಿಗೆ ಬಂತು. ವಿಭಾಗವನ್ನೋ ಜಿಲ್ಲೆಯನ್ನೋ ಬಿಟ್ಟು ತಾಲ್ಲೂಕನ್ನು ಅಳತೆಯ ಘಟಕವಾಗಿ ಹಿಡಿದದ್ದು ಈ ವರದಿಯ ನಿಜವಾದ ಕೊಡುಗೆ. ಉತ್ತರ ಬಡವ, ದಕ್ಷಿಣ ಸಿರಿವಂತ ಎಂಬ ಸರಳ ಚಿತ್ರವನ್ನು ಅದು ಒಡೆಯಿತು.

ಈ ಸೂಚ್ಯಂಕದ ಬಲದಷ್ಟೇ ಅದರ ಮಿತಿಯೂ ಗಮನಾರ್ಹ. 35 ಸೂಚಕಗಳಲ್ಲಿ ಬಹುಪಾಲು ಎಷ್ಟು ಕಟ್ಟಲಾಗಿದೆ ಎಂಬುದನ್ನು ಎಣಿಸುತ್ತವೆ: ರಸ್ತೆ, ನೀರಾವರಿ, ಬ್ಯಾಂಕು, ಆಸ್ಪತ್ರೆಯ ಹಾಸಿಗೆ. ಕಟ್ಟಿದ್ದು ಏನನ್ನು ಸಾಧಿಸಿತು ಎಂಬುದು ಅವುಗಳಿಂದ ತಿಳಿಯುವುದು ಕಡಿಮೆ. ಮಹಾರಾಷ್ಟ್ರದಲ್ಲಿ ವಿ.ಎಂ. ದಾಂಡೇಕರ್ ಸಮಿತಿ 1984ರಲ್ಲಿ ಬಳಸಿದ ಬಾಕಿ ಲೆಕ್ಕದ ವಿಧಾನಕ್ಕೂ ಇದೇ ಸ್ವಭಾವವಿತ್ತು. ಸರಾಸರಿಗಿಂತ ಎಷ್ಟು ಕಡಿಮೆಯೋ ಅಷ್ಟು ಬಾಕಿ, ಬಾಕಿ ಎಷ್ಟೋ ಅಷ್ಟು ಹಣ. ಕಟ್ಟಿಕೊಟ್ಟರೆ ಹಿಂದುಳಿದಿರುವಿಕೆ ಕಳೆಯುತ್ತದೆ ಎಂಬ ಇದರ ಹಿಂದಿನ ಊಹೆಯನ್ನು ಇತ್ತೀಚಿನ ಸಂಶೋಧನೆ ನೇರವಾಗಿ ಪರೀಕ್ಷಿಸಿದೆ. ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾದ್ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನ, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ ಬಂದ ಊರುಗಳನ್ನು ಬಾರದ ಊರುಗಳೊಂದಿಗೆ ಹೋಲಿಸಿತು. ರಸ್ತೆ ಬಂದ ನಾಲ್ಕು ವರ್ಷಗಳ ನಂತರ ಜನರು ಬೇಸಾಯದಿಂದ ಬೇರೆ ಕೆಲಸಗಳಿಗೆ ಸರಿದಿದ್ದರು, ಆದರೆ ಕೃಷಿಯ ಉತ್ಪಾದನೆಯಲ್ಲಾಗಲಿ ಮನೆಯ ಆದಾಯದಲ್ಲಾಗಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ರಸ್ತೆ ವ್ಯರ್ಥವೆಂದು ಇದರ ಅರ್ಥವಲ್ಲ. ಹಿಂದುಳಿದಿರುವಿಕೆಯನ್ನು ರಸ್ತೆಯೊಂದೇ ಕಳೆಯಲಾರದು ಎಂದಷ್ಟೇ ಅದು ಹೇಳುತ್ತದೆ.

ಇದೇ ಮಾತಿಗೆ ಹೈದರಾಬಾದ್ ಕರ್ನಾಟಕದ ಒಳಗೇ ಸಾಕ್ಷಿ ಸಿಗುತ್ತದೆ. ರಾಯಚೂರು ಜಿಲ್ಲೆಯ ಒಂದು ಬದಿಗೆ ಕೃಷ್ಣೆ, ಇನ್ನೊಂದು ಬದಿಗೆ ತುಂಗಭದ್ರೆ. ತುಂಗಭದ್ರಾ ಎಡದಂಡೆ ನಾಲೆ ಮತ್ತು ನಾರಾಯಣಪುರ ಬಲದಂಡೆ ನಾಲೆ ಅಲ್ಲಿನ ಹೊಲಗಳಿಗೆ ನೀರುಣಿಸುತ್ತವೆ. ಹಟ್ಟಿಯಲ್ಲಿ ಚಿನ್ನದ ಗಣಿಯಿದೆ, ಶಕ್ತಿನಗರದಲ್ಲಿ ರಾಜ್ಯಕ್ಕೆ ಬೆಳಕು ಕೊಟ್ಟ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಬೀದರ್‌ನಲ್ಲಿ ಬಹುಪಾಲು ಬೇಸಾಯ ಮಳೆಯನ್ನೇ ನಂಬಿದೆ, ಇಂಥ ಆಸ್ತಿಗಳು ಕಡಿಮೆ. ಆದರೂ 2011ರ ಜನಗಣತಿಯಲ್ಲಿ ಬೀದರ್‌ನ ಸಾಕ್ಷರತೆ ಶೇ. 70.51, ರಾಯಚೂರಿನದು ಶೇ. 59.56. ನಾರಾಯಣಪುರ ಎಡದಂಡೆ ನಾಲೆಯ ನೀರು ಕಂಡ ಯಾದಗಿರಿಯದು ಶೇ. 51.83 ಮಾತ್ರ. ರಾಜ್ಯದ ಸರಾಸರಿ ಶೇ. 75.36, ದಕ್ಷಿಣ ಕನ್ನಡದ್ದು ಶೇ. 88.57. ನೀರು, ಗಣಿ, ವಿದ್ಯುತ್ತು ಇದ್ದಲ್ಲೂ ಅಕ್ಷರ ತಾನಾಗಿ ಬರಲಿಲ್ಲ. ನೀರು ಬಂದಾಗ ಲಾಭವಾದದ್ದು ಭೂಮಿ ಇದ್ದವರಿಗೆ. ಭೂಮಿಯಿಲ್ಲದ ಮನೆಯ ಹೆಣ್ಣುಮಗು ಹತ್ತಿಯ ಹೊಲದಲ್ಲೇ ಉಳಿದರೆ ಅದು ಯಾವ ನೀರಾವರಿ ಸೂಚಕದಲ್ಲೂ ದಾಖಲಾಗುವುದಿಲ್ಲ.

ಈ ಹೋಲಿಕೆ ಇತಿಹಾಸದ ವಾದಕ್ಕೂ ಉತ್ತರವಾಗಿದೆ. ನಿಜಾಮರ ಆಳ್ವಿಕೆಯಿಂದಲೇ ಈ ಭಾಗ ಹಿಂದುಳಿಯಿತು ಎಂಬ ಮಾತು ಎಲ್ಲೆಡೆ ಕೇಳುತ್ತದೆ, ಅದರಲ್ಲಿ ಸತ್ಯಾಂಶವೂ ಇದೆ. ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ 2005ರಲ್ಲಿ, ಬ್ರಿಟಿಷ್ ಕಾಲದ ಜಮೀನ್ದಾರಿ ಜಿಲ್ಲೆಗಳು ಸ್ವಾತಂತ್ರ್ಯ ಬಂದು ದಶಕಗಳಾದ ಮೇಲೂ ಕೃಷಿ ಹೂಡಿಕೆಯಲ್ಲಿ ಹಿಂದುಳಿದಿದ್ದನ್ನು ತೋರಿಸಿದ್ದಾರೆ. ಹಳೆಯ ಸಂಸ್ಥೆಗಳ ನೆರಳು ದೂರ ಚಾಚುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೆ ಬೀದರ್ ಮತ್ತು ಯಾದಗಿರಿ ಎರಡೂ ಅದೇ ನಿಜಾಮರ ನಾಡಿಗೆ ಸೇರಿದ್ದವು. ಒಂದೇ ಚರಿತ್ರೆಯಿಂದ ಹೊರಟ ಎರಡು ಜಿಲ್ಲೆಗಳ ನಡುವೆ ಸಾಕ್ಷರತೆಯಲ್ಲಿ ಸುಮಾರು 19 ಅಂಶಗಳ ಅಂತರವಿದ್ದರೆ, ಆ ಅಂತರಕ್ಕೆ ಚರಿತ್ರೆಯೊಂದೇ ಕಾರಣವಾಗಲಾರದು. ದಕ್ಷಿಣದ ಅತ್ಯಂತ ಹಿಂದುಳಿದ 13 ತಾಲ್ಲೂಕುಗಳನ್ನು ನಿಜಾಮರು ಆಳಿರಲೂ ಇಲ್ಲ. ಇತಿಹಾಸ ಆರಂಭದ ಸ್ಥಿತಿಯನ್ನು ವಿವರಿಸುತ್ತದೆ, ನಂತರದ ಏಳು ದಶಕಗಳ ಹೊಣೆಯನ್ನು ಅದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಪರಿಹಾರದ ಮುಂದಿನ ಹೆಜ್ಜೆ ಸಂವಿಧಾನದಲ್ಲಿ ಮೂಡಿತು. 2012ರ 98ನೇ ತಿದ್ದುಪಡಿ ಕಾಯ್ದೆ ಸೇರಿಸಿದ 371(ಜೆ) ವಿಧಿ, ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿಯನ್ನೂ ಸಾಧ್ಯವಾಗಿಸಿತು. ಪ್ರದೇಶದ ಒಳಗಿನ ಎ ಮತ್ತು ಬಿ ವೃಂದದ ಹುದ್ದೆಗಳಲ್ಲಿ ಶೇ. 75, ಸಿ ವೃಂದದಲ್ಲಿ ಶೇ. 80, ಡಿ ವೃಂದದಲ್ಲಿ ಶೇ. 85, ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ. 8 ಸ್ಥಳೀಯರಿಗೆ ಮೀಸಲಾದವು. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. 2024–25ರ ಬಜೆಟ್ಟಿನಲ್ಲಿ ಮಂಡಳಿಗೆ ₹5,000 ಕೋಟಿ ತೆಗೆದಿಡಲಾಯಿತು. ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳು ಈ ಭಾಗದ ಸಾವಿರಾರು ಮಕ್ಕಳ ಕೈಗೆಟುಕಿದ್ದು ದೊಡ್ಡ ಸಾಧನೆ. ಆದರೆ ಮೀಸಲಾತಿಯ ಬಾಗಿಲಿನವರೆಗೆ ಬರಲು ಮಗು ಹತ್ತನೇ ತರಗತಿ ದಾಟಬೇಕು. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಉಡುಪಿ ಶೇ. 94 ಫಲಿತಾಂಶದೊಂದಿಗೆ ಮೊದಲ ಸ್ಥಾನದಲ್ಲಿದ್ದರೆ ಯಾದಗಿರಿ ಶೇ. 50.59ರೊಂದಿಗೆ ಕೊನೆಯಲ್ಲಿತ್ತು. 2025ರಲ್ಲಿ ಕೊನೆಯ ಸ್ಥಾನ ಕಲಬುರಗಿಗೆ ಹೋಯಿತು, ಅಲ್ಲಿನ ಫಲಿತಾಂಶ ಶೇ. 42.43. ವಿಶೇಷ ಸ್ಥಾನಮಾನ ಸಿಕ್ಕು ದಶಕ ಕಳೆದ ಮೇಲಿನ ಚಿತ್ರವಿದು. ಶಾಲಾ ಕೊಠಡಿಯ ಕಾಮಗಾರಿಗೆ ಕ್ರಿಯಾ ಯೋಜನೆ, ಟೆಂಡರು, ಗುತ್ತಿಗೆದಾರ ಎಲ್ಲವೂ ಸಿದ್ಧವಿರುತ್ತವೆ. ಆ ಕೊಠಡಿಯಲ್ಲಿ ಗಣಿತ ಕಲಿಸುವ ಹುದ್ದೆ ಖಾಲಿಯಿದ್ದರೆ ಅದನ್ನು ತುಂಬಲು ಮಂಡಳಿಗೆ ಅಂಥ ಸುಲಭದ ದಾರಿಯಿಲ್ಲ. ಹಣ ಕಾಮಗಾರಿಯತ್ತ ಹರಿಯುವುದಕ್ಕೆ ಇದೇ ಕಾರಣ.

ಹಣವೇ ಸಾಲಲಿಲ್ಲ ಎಂಬುದು, ಆಸ್ತಿಗಿಂತ ಸಾಮರ್ಥ್ಯ ಮೊದಲು ಎಂಬ ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ. 2002ರ ಬೆಲೆಯಲ್ಲಿ ಲೆಕ್ಕಹಾಕಿದ ₹31,000 ಕೋಟಿ ಐದು ವರ್ಷ ತಡವಾಗಿ ಹರಿಯತೊಡಗಿದಾಗ ಅದರ ಕೊಳ್ಳುವ ಶಕ್ತಿ ಕುಗ್ಗಿತ್ತು ಎಂಬುದು ನಿಜ, ಆ ಮಟ್ಟಿಗೆ ಆಕ್ಷೇಪ ಒಪ್ಪತಕ್ಕದ್ದು. ಆದರೆ ಹಣದ ಕೊರತೆಯೊಂದೇ ತೊಡಕಾಗಿದ್ದರೆ, ಹೆಚ್ಚು ಹೂಡಿಕೆ ಕಂಡ ನೀರಾವರಿ ಪ್ರದೇಶಗಳು ಶಿಕ್ಷಣದಲ್ಲೂ ಮುಂದಿರಬೇಕಿತ್ತು. ಇಟಲಿಯ ಅನುಭವವೂ ಎಚ್ಚರಿಕೆ ಕೊಡುತ್ತದೆ. 1950ರಲ್ಲಿ ಸ್ಥಾಪನೆಯಾದ ದಕ್ಷಿಣ ಇಟಲಿಯ ಅಭಿವೃದ್ಧಿ ನಿಧಿ ಮೂರು ದಶಕಗಳಿಗೂ ಹೆಚ್ಚು ಕಾಲ ಹಣ ಸುರಿದರೂ ಉತ್ತರ ದಕ್ಷಿಣಗಳ ಅಂತರ ಮುಚ್ಚಲಿಲ್ಲ. ರಾಬರ್ಟ್ ಪುಟ್ನಮ್ 1993ರ ತಮ್ಮ ಅಧ್ಯಯನದಲ್ಲಿ, ಇಟಲಿಯಲ್ಲಿ ಒಂದೇ ಮಾದರಿಯಲ್ಲಿ ರೂಪಿಸಿದ ಪ್ರಾದೇಶಿಕ ಸರ್ಕಾರಗಳು ನಾಗರಿಕ ಸಹಭಾಗಿತ್ವ ಗಟ್ಟಿಯಿದ್ದಲ್ಲಿ ಚೆನ್ನಾಗಿ, ಇಲ್ಲದಲ್ಲಿ ಕಳಪೆಯಾಗಿ ನಡೆದದ್ದನ್ನು ತೋರಿಸಿದರು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ವಿಶ್ವಬ್ಯಾಂಕಿನ 2009ರ ವಿಶ್ವ ಅಭಿವೃದ್ಧಿ ವರದಿ, ಆರ್ಥಿಕ ಚಟುವಟಿಕೆ ಕೆಲವೆಡೆ ಕೇಂದ್ರೀಕೃತವಾಗುವುದು ಸಹಜ, ಅದನ್ನು ಬಲವಂತವಾಗಿ ಹರಡುವ ಬದಲು ಜನರ ಚಲನೆಯನ್ನು ಸುಗಮಗೊಳಿಸಬೇಕು ಎಂದು ವಾದಿಸಿತು. ಕಲಬುರಗಿಯನ್ನು ಬೆಂಗಳೂರಾಗಿಸಲು ಹೊರಡುವುದಕ್ಕಿಂತ ಕಲಬುರಗಿಯವರು ಬೆಂಗಳೂರಿಗೆ ಹೋಗಲಿ ಎಂಬುದು ಇದರ ತಾತ್ಪರ್ಯ. ಅವರು ಈಗಾಗಲೇ ಹೋಗುತ್ತಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಗುಳೆ ಹೊರಟು ಬೆಂಗಳೂರಿನ ಕಟ್ಟಡ ಕೆಲಸಗಳಲ್ಲಿ ದುಡಿಯುತ್ತವೆ. ಆದರೆ ಓದು ಇಲ್ಲದೆ ಹೋದವರಿಗೆ ನಗರ ಕೊಡುವುದು ಗಾರೆ ಕೆಲಸದ ಕೂಲಿ. ಜೊತೆಯಲ್ಲಿ ಹೋದ ಮಕ್ಕಳ ಶಾಲೆ ತಪ್ಪಿ, ಹಿಂದುಳಿದಿರುವಿಕೆ ಮುಂದಿನ ತಲೆಮಾರಿಗೂ ದಾಟುತ್ತದೆ. ಒಳ್ಳೆಯ ಶಾಲೆ ಸಿಕ್ಕ ಮಗು ಊರಲ್ಲೇ ಉಳಿದರೆ ಊರಿಗೆ ಬಲ, ಹೊರಟರೆ ಘನತೆಯ ಕೆಲಸಕ್ಕೆ ಹೊರಡುತ್ತದೆ. ಸ್ಥಳಕ್ಕೆ ಹಣ ಹಾಕಬೇಕೋ ಜನರಿಗೆ ಹಾಕಬೇಕೋ ಎಂಬ ಹಳೆಯ ವಿವಾದ ಇಲ್ಲಿ ಕರಗುತ್ತದೆ. ಸ್ಥಳವನ್ನು ಕೈಬಿಡುವುದರ ರಾಜಕೀಯ ಬೆಲೆಯೂ ಸಣ್ಣದಲ್ಲ. ಕಡೆಗಣಿತ ಪ್ರದೇಶಗಳ ಅಸಮಾಧಾನ ಮತಪೆಟ್ಟಿಗೆಯಲ್ಲಿ ಸಿಡಿಯುವುದನ್ನು ಆಂಡ್ರೆಸ್ ರೊಡ್ರಿಗೆಸ್–ಪೋಸೆ 2018ರಲ್ಲಿ ಯುರೋಪು, ಅಮೆರಿಕಗಳ ಉದಾಹರಣೆಗಳೊಂದಿಗೆ ವಿವರಿಸಿದ್ದಾರೆ.

ಈ ಪುರಾವೆಗಳನ್ನು ಒಟ್ಟಿಗೆ ನೋಡಿದಾಗ ಅಳತೆಯ ಪ್ರಶ್ನೆ ಮತ್ತೆ ಮುಂದೆ ಬರುತ್ತದೆ. ನಂಜುಂಡಪ್ಪ ವರದಿಯ ನಂತರ ಹೊಸ ತಾಲ್ಲೂಕುಗಳು ಹುಟ್ಟಿ ಅವುಗಳ ಸಂಖ್ಯೆ 230 ಮೀರಿದೆ, 2021ರ ಜನಗಣತಿ ನಿಗದಿತ ಕಾಲಕ್ಕೆ ನಡೆಯಲಿಲ್ಲ. ರಾಜ್ಯ ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ನೇಮಿಸಿದ್ದು ಈ ಹಿನ್ನೆಲೆಯಲ್ಲಿ. ಹೊಸ ಸೂಚ್ಯಂಕ ಯಾವುದೇ ರೂಪ ಪಡೆಯಲಿ, ಅದರ ತೂಕ ಕಟ್ಟಡದಿಂದ ಮನುಷ್ಯರತ್ತ ಸರಿಯಬೇಕು. ಐದನೇ ತರಗತಿಯ ಮಗು ಓದಬಲ್ಲದೆ, ತಾಯಿಯ ರಕ್ತಹೀನತೆ ಇಳಿದಿದೆಯೆ, ಶಿಕ್ಷಕರ ಮತ್ತು ವೈದ್ಯರ ಹುದ್ದೆ ಎಷ್ಟು ತಿಂಗಳು ಖಾಲಿ ಉಳಿಯಿತು ಎಂಬುದನ್ನು ಪ್ರತಿ ತಾಲ್ಲೂಕಿಗೂ ಪ್ರತಿವರ್ಷ ಅಳೆದು ಪ್ರಕಟಿಸಬೇಕು. ಇಂಥ ಅಳತೆ ಕಷ್ಟ ಮತ್ತು ದುಬಾರಿ ಎಂದು ಹೇಳಬಹುದು, ಆದರೆ ತಪ್ಪು ಅಳತೆಯ ಮೇಲೆ ಸಾವಿರಾರು ಕೋಟಿ ಖರ್ಚುಮಾಡುವುದು ಅದಕ್ಕಿಂತ ದುಬಾರಿ. ಇಲ್ಲಿಯವರೆಗಿನ ನೀತಿ ಹಿಂದುಳಿದ ತಾಲ್ಲೂಕಿಗೆ ಎಷ್ಟು ಕೊಟ್ಟೆವು ಎಂದು ಲೆಕ್ಕ ಒಪ್ಪಿಸಿದೆ. ಅಲ್ಲಿನ ಜನರಿಗೆ ಏನು ದಕ್ಕಿತು ಎಂಬ ಲೆಕ್ಕವನ್ನೂ ಒಪ್ಪಿಸುವ ಹೊಣೆ ಸರ್ಕಾರದ ಮೇಲಿದೆ, ಅದನ್ನು ಕೇಳುವ ಹಕ್ಕು ದೇವದುರ್ಗದ ಪ್ರತಿಯೊಬ್ಬ ನಾಗರಿಕನಿಗೂ ಇದೆ.