ರೋಮಿನ ಹತ್ತಿರ ಇದ್ದ ನಾಲ್ಕನೇ ಬಟನ್

2004ರಲ್ಲಿ ಬಂದ 'ರೋಮ್: ಟೋಟಲ್ ವಾರ್' ಆಡಿದವರಿಗೆಲ್ಲ ಒಂದು ಸ್ಕ್ರೀನ್ ಚೆನ್ನಾಗಿ ನೆನಪಿರುತ್ತೆ. ಊರಿಗೆ ಮುತ್ತಿಗೆ ಹಾಕಿ, ಕೋಟೆ ಒಡೆದು ಒಳಗೆ ನುಗ್ಗಿದ ಕೂಡಲೇ ಆಟ ಕೇಳುತ್ತೆ: ಊರನ್ನ ಹಾಗೇ ವಶಕ್ಕೆ ತಗೋತೀರಾ? ಜನರನ್ನ ಗುಲಾಮರನ್ನಾಗಿ ಮಾಡ್ತೀರಾ? ಇಲ್ಲಾ ಕೊಂದು ಹಾಕ್ತೀರಾ? ಮೂರೇ ಮೂರು ಬಟನ್.

ನಿಜವಾದ ರೋಮ್ ಈ ಮೂರನ್ನೂ ಬೇಕಾದಷ್ಟು ಸಲ ಒತ್ತಿದೆ, ಅದರಲ್ಲೇನೂ ಅನುಮಾನ ಬೇಡ. ಆದರೆ ಇಟಲಿ ಪೂರ್ತಿ ಅದರ ಕೈಗೆ ಬಂದದ್ದು, ಬಂದ ಮೇಲೆ ಕೈಯಲ್ಲೇ ಉಳಿದದ್ದು, ಆಟದಲ್ಲಿ ಇಲ್ಲದ ನಾಲ್ಕನೇ ಬಟನ್ನಿನಿಂದ. ಅದರ ಕಥೆ ಹೇಳೋಣ ಅಂತ ಈ ಬರಹ.

ಮೊದಲು ಆಟದ ಲೆಕ್ಕ ನೋಡಿಬಿಡೋಣ. ಶುರುವಾಗೋದು ಕ್ರಿ.ಪೂ. 270ರಲ್ಲಿ, ವರ್ಷಕ್ಕೆ ಎರಡು ಟರ್ನ್. ರೋಮನ್ನರಲ್ಲಿ ಮೂರು ಮನೆತನಗಳು. ಜೂಲಿಗಳಿಗೆ ಅರೇಟಿಯಮ್ ಮತ್ತು ಅರಿಮಿನಮ್, ತಲೆಯ ಮೇಲೆ ಗಾಲರು. ಬ್ರೂಟಿಗಳಿಗೆ ಟಾರೆಂಟಮ್ ಮತ್ತು ಕ್ರೋಟನ್, ಸಮುದ್ರದ ಆಚೆ ಗ್ರೀಸ್. ಸ್ಕಿಪಿಗಳಿಗೆ ಕಾಪುವಾ ಮತ್ತು ಮೆಸ್ಸಾನಾ, ಪಕ್ಕದಲ್ಲೇ ಕಾರ್ಥೇಜ್. ರೋಮ್ ಊರು ಮಾತ್ರ ಸೆನೆಟ್ಟಿನ ಕೈಲಿ.

ಹೊಸದಾಗಿ ಆಡೋರಿಗೆ ಹೇಳೋ ಬುದ್ಧಿಮಾತು ಎಲ್ಲರಿಗೂ ಗೊತ್ತಿರೋದೇ. ಮೊದಲು ರಸ್ತೆ, ಬಂದರು, ಮಾರುಕಟ್ಟೆ ಕಟ್ಟಿ. ರಾಯಭಾರಿಯನ್ನ ಕಳಿಸಿ ಸಿಕ್ಕ ಸಿಕ್ಕವರ ಜೊತೆ ವ್ಯಾಪಾರದ ಒಪ್ಪಂದ ಮಾಡ್ಕೊಳ್ಳಿ. ದೊಡ್ಡವರ ತಂಟೆಗೆ ಹೋಗೋ ಮುಂಚೆ ಯಾರಿಗೂ ಸೇರದ ಬಂಡಾಯದ ಊರುಗಳನ್ನ ಹಿಡೀರಿ. ಸೈನ್ಯವನ್ನ ಸುಮ್ಮನೆ ಕೂರಿಸಬೇಡಿ, ಪ್ರತಿ ಟರ್ನಿಗೂ ಅದಕ್ಕೆ ಸಂಬಳ ಹೋಗುತ್ತೆ. ಇನ್ನೊಂದು ವಿಷಯ ಎಷ್ಟೋ ಜನ ಗಮನಿಸೋದೇ ಇಲ್ಲ: ಸೈನಿಕರನ್ನ ಭರ್ತಿ ಮಾಡಿದಷ್ಟೂ ಆ ಊರಿನ ಜನಸಂಖ್ಯೆ ಕಮ್ಮಿಯಾಗುತ್ತೆ. ಚಿಕ್ಕ ಊರಲ್ಲಿ ಒಂದೇ ಸಮ ಭರ್ತಿ ಮಾಡ್ತಾ ಹೋದರೆ ಊರು ಬೆಳೆಯೋದೇ ನಿಂತುಹೋಗುತ್ತೆ.

ಈ ಕೊನೆಯ ಮಾತನ್ನ ಹಿಡ್ಕೊಂಡಿರಿ. ನಿಜವಾದ ರೋಮಿನ ಗುಟ್ಟು ಅಲ್ಲೇ ಇದೆ.

ತಮಾಷೆ ಅಂದ್ರೆ, ಆಟ ಶುರುವಾಗೋ ಹೊತ್ತಿಗೆ ರೋಮಿನ ನಿಜವಾದ ಆರಂಭದ ಕ್ಯಾಂಪೇನ್ ಮುಗಿದೇ ಹೋಗಿದೆ. ಕ್ರಿ.ಪೂ. 272ರಲ್ಲಿ ಟಾರೆಂಟಮ್ ಶರಣಾದ ಮೇಲೆ ಇಟಲಿಯ ದಕ್ಷಿಣ ತುದಿಯವರೆಗೆ ರೋಮಿಗೆ ಎದುರು ನಿಲ್ಲೋರು ಹೆಚ್ಚು ಕಮ್ಮಿ ಯಾರೂ ಉಳಿದಿರಲಿಲ್ಲ. ಮೆಸ್ಸಾನಾವನ್ನ ಆಟ ನಮಗೆ ಪುಕ್ಕಟೆ ಕೊಡುತ್ತೆ. ನಿಜದಲ್ಲಿ ಅದು ಮ್ಯಾಮರ್ಟೈನ್ ಅನ್ನೋ ಕೂಲಿ ಸೈನಿಕರ ಕೈಲಿತ್ತು. ಅವರು ಸಹಾಯ ಕೇಳಿದ್ದಕ್ಕೆ ಹೋಗೋದೋ ಬೇಡವೋ ಅಂತ ರೋಮ್ ತಲೆ ಕೆಡಿಸಿಕೊಂಡಿದ್ದು, ಕೊನೆಗೆ ಹೋಗಿದ್ದು ಕ್ರಿ.ಪೂ. 264ರಲ್ಲಿ. ಕಾರ್ಥೇಜ್ ಜೊತೆಗಿನ 23 ವರ್ಷದ ಮೊದಲ ಯುದ್ಧ ಶುರುವಾಗಿದ್ದೇ ಹಾಗೆ. ಇನ್ನು ಒಂದೊಂದು ಮನೆತನಕ್ಕೆ ಒಂದೊಂದು ಸೀಮೆ ಅನ್ನೋದೆಲ್ಲ ಆಟದವರ ಕಲ್ಪನೆ. ರೋಮನ್ನು ನಡೆಸ್ತಾ ಇದ್ದದ್ದು ವರ್ಷಕ್ಕೊಮ್ಮೆ ಬದಲಾಗೋ ಇಬ್ಬರು ಕಾನ್ಸಲ್‌ಗಳು.

ಹಾಗಾದರೆ ಆ ನಿಜವಾದ ಆರಂಭ ಯಾವುದು? ನನ್ನನ್ನ ಕೇಳಿದರೆ ಕ್ರಿ.ಪೂ. 338. ಆ ವರ್ಷ ರೋಮ್ ತನ್ನ ಅಕ್ಕಪಕ್ಕದ ಲ್ಯಾಟಿನ್ ಊರುಗಳನ್ನ ಯುದ್ಧದಲ್ಲಿ ಸೋಲಿಸ್ತು. ಅವರು ಪರಕೀಯರೇನಲ್ಲ. ಅದೇ ಭಾಷೆ, ಅದೇ ದೇವರು, ನಿನ್ನೆಯವರೆಗೆ ಜೊತೆಗೆ ನಿಂತು ಹೋರಾಡಿದವರು. ಆಟದಲ್ಲಾದರೆ ನಾವಿಲ್ಲಿ ಒಂದೇ ಬಟನ್ ಒತ್ತಿ ಮುಂದೆ ಹೋಗ್ತೀವಿ. ರೋಮ್ ಹಾಗೆ ಮಾಡಲಿಲ್ಲ, ಪ್ರತಿ ಊರಿನ ಜೊತೆ ಬೇರೆ ಬೇರೆ ಲೆಕ್ಕ ಚುಕ್ತಾ ಮಾಡ್ತು. ಲಾನುವಿಯಮ್, ಅರಿಸಿಯಾದಂಥ ಊರಿನವರಿಗೆ ಪೂರ್ತಿ ರೋಮನ್ ಪೌರತ್ವ. ಟೈಬರ್ ಮತ್ತು ಪ್ರೇನೆಸ್ಟೆಯಿಂದ ಜಮೀನು ಕಿತ್ಕೊಂಡು ಅವರನ್ನ ಮಿತ್ರರಾಗಿ ಉಳಿಸಿತು. ಆಂಟಿಯಮ್‌ನವರ ಹಡಗುಗಳನ್ನ ವಶಪಡಿಸಿಕೊಂಡು, ಅವುಗಳ ಮೂತಿಗಳನ್ನ ತಂದು ರೋಮಿನ ಭಾಷಣದ ಕಟ್ಟೆಗೆ ಸಿಕ್ಕಿಸಿತು. ಇಂಗ್ಲಿಷಿನ 'ರಾಸ್ಟ್ರಮ್' ಪದ ಬಂದದ್ದು ಅಲ್ಲಿಂದಲೇ. ಕಾಪುವಾದವರಿಗೆ ಸಿಕ್ಕಿದ್ದು ವೋಟಿಲ್ಲದ ಪೌರತ್ವ. ಅಂದರೆ ತೆರಿಗೆ ಕಟ್ಟು, ಸೈನ್ಯಕ್ಕೆ ಬಾ, ಮತ ಮಾತ್ರ ಕೇಳಬೇಡ. ವರ್ಕ್ ವೀಸಾ ಮೇಲೆ ಅಮೆರಿಕದಲ್ಲಿ ಕೂತು ಪ್ರತಿ ಏಪ್ರಿಲ್‌ನಲ್ಲಿ ಟ್ಯಾಕ್ಸ್ ಫೈಲ್ ಮಾಡೋ ನನ್ನಂಥವನಿಗೆ ಕಾಪುವಾದವರ ಸ್ಥಿತಿ ಬಿಡಿಸಿ ಹೇಳಬೇಕಾಗಿಲ್ಲ. ಪುಣ್ಯಕ್ಕೆ ನನ್ನನ್ನ ಯಾರೂ ಯುದ್ಧಕ್ಕೆ ಕರೀತಾ ಇಲ್ಲ!

ನಾಲ್ಕನೇ ಬಟನ್ ಇದೇ: 'ಸೋತವನನ್ನ ನಮ್ಮ ಸೈನ್ಯಕ್ಕೆ ಸೇರಿಸ್ಕೋ.' ಇಟಲಿಯ ಮಿತ್ರರಿಂದ ರೋಮ್ ಕಪ್ಪಕಾಣಿಕೆ ಕೇಳ್ತಾ ಇರಲಿಲ್ಲ, ಜನ ಕೇಳ್ತಾ ಇತ್ತು. ಕರೆದಾಗ ಇಷ್ಟು ಸೈನಿಕರನ್ನ ಕಳಿಸಬೇಕು, ಅವರ ಸಂಬಳ ಅವರವರ ಊರಿಂದಲೇ. ಗೆದ್ದರೆ ಲೂಟಿಯಲ್ಲಿ ಒಂದು ಪಾಲು. ಚೌಕಾಬಾರದಲ್ಲಿ ಕಡಿದ ಕಾಯಿ ವಾಪಸ್ ಮನೆಗೆ ಹೋಗುತ್ತೆ. ಇಲ್ಲಿ ಕಡಿದ ಕಾಯಿ ನಿಮ್ಮ ಬಣ್ಣ ಬಳ್ಕೊಂಡು ನಿಮ್ಮ ಪರವಾಗಿ ಆಡೋಕೆ ಶುರುಮಾಡುತ್ತೆ.

ಇದರ ಬಿಸಿ ಮೊದಲು ತಟ್ಟಿದ್ದು ಪಿರ್ರಸ್‌ಗೆ. ಕ್ರಿ.ಪೂ. 280ರಲ್ಲಿ ಆತ ಗ್ರೀಸ್ ಕಡೆಯಿಂದ ಸುಮಾರು 25 ಸಾವಿರ ಸೈನಿಕರು, 20 ಆನೆಗಳ ಜೊತೆ ಬಂದ. ಹೆರಾಕ್ಲಿಯಾದಲ್ಲಿ ಗೆದ್ದ, ಮರುವರ್ಷ ಆಸ್ಕುಲಮ್‌ನಲ್ಲೂ ಗೆದ್ದ. ಆದರೆ ಅವನ ಕಡೆ ಸತ್ತ ಒಬ್ಬ ಅನುಭವಿ ಸೈನಿಕನಿಗೆ ಬದಲಿ ತರಬೇಕು ಅಂದರೆ ಸಮುದ್ರ ದಾಟಬೇಕು. ರೋಮ್ ಮಾತ್ರ ಮತ್ತೊಂದು ಸೈನ್ಯ ನಿಲ್ಲಿಸಿ ಕಾಯ್ತಾ ಇತ್ತು. ಕಡಿದಷ್ಟೂ ತಲೆ ಮೂಡೋ ಹೈಡ್ರಾ ಜೊತೆ ಹೋರಾಡ್ತಾ ಇದ್ದೀವಿ ಅಂತ ಪಿರ್ರಸ್‌ನ ಮಂತ್ರಿ ಸಿನಿಯಾಸ್ ಹೆದರಿದ್ದನಂತೆ, ಪ್ಲುಟಾರ್ಕ್ ಬರೀತಾನೆ. ನಮ್ಮ ರಕ್ತಬೀಜಾಸುರ ಅಂದುಕೊಳ್ಳಿ. ಕ್ರಿ.ಪೂ. 275ರಲ್ಲಿ ಪಿರ್ರಸ್ ಗಂಟುಮೂಟೆ ಕಟ್ಟಿದ.

ಆಮೇಲೆ ಹ್ಯಾನಿಬಲ್. ಪೊಲಿಬಿಯಸ್ ಕೊಡೋ ಎರಡು ಲೆಕ್ಕಗಳನ್ನ ಅಕ್ಕಪಕ್ಕ ಇಟ್ಟು ನೋಡಿ. ಕ್ರಿ.ಪೂ. 225ರಲ್ಲಿ ರೋಮ್ ಮತ್ತು ಮಿತ್ರರು ಸೇರಿ ಆಯುಧ ಹಿಡಿಯಬಲ್ಲವರು 7 ಲಕ್ಷಕ್ಕೂ ಹೆಚ್ಚು ಕಾಲಾಳು, 70 ಸಾವಿರ ಕುದುರೆ ಸವಾರರು. ಏಳು ವರ್ಷದ ನಂತರ ಆಲ್ಪ್ಸ್ ಇಳಿದು ಬಂದ ಹ್ಯಾನಿಬಲ್ ಹತ್ತಿರ ಇದ್ದದ್ದು 20 ಸಾವಿರ ಕಾಲಾಳು, 6 ಸಾವಿರ ಸವಾರರು. ಅವನು ಹುಚ್ಚನಲ್ಲ. ಎರಡು ದೊಡ್ಡ ಯುದ್ಧ ಗೆದ್ದರೆ ಈ ಮಿತ್ರರೆಲ್ಲ ರೋಮನ್ನ ಬಿಟ್ಟು ಓಡಿಬರ್ತಾರೆ ಅನ್ನೋದು ಅವನ ಲೆಕ್ಕ. ಕ್ರಿ.ಪೂ. 216ರಲ್ಲಿ ಕ್ಯಾನೇಯಲ್ಲಿ ಒಂದೇ ದಿನ ರೋಮ್ ಕಡೆಯ ಸುಮಾರು 48 ಸಾವಿರ ಜನ ಸತ್ತರು ಅಂತಾನೆ ಲಿವಿ, ಪೊಲಿಬಿಯಸ್ ಲೆಕ್ಕ 70 ಸಾವಿರ. ಅದಾದ ಮೇಲೆ ಕಾಪುವಾ ಪಕ್ಷ ಬದಲಾಯಿಸ್ತು, ಕೆಲ ವರ್ಷದಲ್ಲಿ ಟಾರೆಂಟಮ್ ಕೂಡ. ಆದರೆ ಮಧ್ಯ ಇಟಲಿ ಅಲುಗಾಡಲಿಲ್ಲ. ವೋಟಿಲ್ಲದ ಕಾಪುವಾ ಹೋಯ್ತು, ಪೂರ್ತಿ ಪೌರತ್ವ ಸಿಕ್ಕ ಹಳೇ ಲ್ಯಾಟಿನ್ ಊರುಗಳು ಉಳಿದವು. ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಆದರೂ ಯೋಚಿಸಬೇಕಾದ ವಿಷಯ.

ಹಾಗಂತ ಈ ಬಟನ್ ಪುಕ್ಕಟೆ ಸಿಕ್ಕಿದ್ದಲ್ಲ. ಕ್ರಿ.ಪೂ. 209ರಲ್ಲಿ 30 ಲ್ಯಾಟಿನ್ ಕಾಲೊನಿಗಳಲ್ಲಿ 12, ನಮ್ಮ ಹತ್ತಿರ ಇನ್ನು ಜನವೂ ಇಲ್ಲ, ದುಡ್ಡೂ ಇಲ್ಲ ಅಂತ ಕೈಯೆತ್ತಿಬಿಟ್ಟವು. ಉಳಿದ 18 ಹೆಗಲು ಕೊಟ್ಟಿದ್ದಕ್ಕೆ ರೋಮ್ ಬಚಾವಾಯ್ತು. ಮುಂದೆ ರೋಮ್ ಇಡೀ ಮೆಡಿಟರೇನಿಯನ್ ಗೆದ್ದಾಗ ಮಿತ್ರರ ರಕ್ತವೂ ಅಷ್ಟೇ ಹರಿದಿತ್ತು, ಆದರೆ ನಿರ್ಧಾರಗಳಲ್ಲಿ ಅವರ ಮಾತು ಎಲ್ಲೂ ಇರಲಿಲ್ಲ. ಪೌರತ್ವ ಕೊಡಿ ಅಂತ ಕೇಳಿ ಕೇಳಿ ಸಾಕಾಗಿ ಕ್ರಿ.ಪೂ. 91ರಲ್ಲಿ ದಂಗೆ ಎದ್ದರು. ಕಾರ್ಫಿನಿಯಮ್ ಊರಿಗೆ ಇಟಾಲಿಕಾ ಅಂತ ಹೆಸರಿಟ್ಟು ರಾಜಧಾನಿ ಮಾಡ್ಕೊಂಡರು. ರೋಮಿನ ತೋಳವನ್ನ ಇಟಲಿಯ ಗೂಳಿ ತಿವೀತಾ ಇರೋ ನಾಣ್ಯ ಟಂಕಿಸಿದರು. ಮರುವರ್ಷ, ನಿಷ್ಠರಾಗಿ ಉಳಿದವರಿಗೆ ಪೌರತ್ವ ಕೊಡೋ ಕಾನೂನು ರೋಮಿನಲ್ಲಿ ಬಂತು. ತಂದವನು ಕಾನ್ಸಲ್ ಲೂಸಿಯಸ್ ಜೂಲಿಯಸ್ ಸೀಸರ್. ಹೌದು, ಆಟದಲ್ಲಿ ನಾವು ಆರಿಸಿಕೊಳ್ಳೋ ಅದೇ ಜೂಲಿ ಮನೆತನದವನು! ದಂಗೆ ಎದ್ದವರ ಜೊತೆಗಿನ ಯುದ್ಧ ಆಮೇಲೂ ನಡೀತು. ಆದರೆ ಅವರು ಯಾವುದಕ್ಕಾಗಿ ಕತ್ತಿ ಎತ್ತಿದ್ದರೋ ಅದನ್ನ ಕೊಡದೆ ರೋಮಿಗೆ ಬೇರೆ ದಾರಿ ಇರಲಿಲ್ಲ.

ಆಟ ಮಾಡಿದವರನ್ನ ಇದಕ್ಕೆ ಬೈಯೋದು ಸರಿಯಲ್ಲ. 'ಆಶ್ರಿತ ರಾಜ್ಯ' ಅಂತ ರಾಯಭಾರಿಗೆ ಒಂದು ಆಯ್ಕೆ ಕೊಟ್ಟಿದ್ದಾರೆ. ಕಂಪ್ಯೂಟರ್ ಅದನ್ನ ಒಪ್ಪೋದು ಅಪರೂಪ, ಅಷ್ಟೇ. ಯುದ್ಧ ಗೆಲ್ಲೋದನ್ನ ಕೋಡ್ ಬರೆದು ತೋರಿಸೋದು ಸುಲಭ. ಸೋತವನು ಮೂರು ತಲೆಮಾರು ನಿನ್ನ ಪಕ್ಕದಲ್ಲಿ ಯಾಕೆ ನಿಂತ, ನಾಲ್ಕನೇ ತಲೆಮಾರು ಯಾಕೆ ತಿರುಗಿಬಿತ್ತು ಅನ್ನೋದನ್ನ ಒಂದು ಬಟನ್ ಹಿಂದೆ ಹಾಕೋದು ಕಷ್ಟ.

ಮುಂದಿನ ಸಲ ಆಡುವಾಗ ಒಂದು ಪ್ರಯೋಗ ಮಾಡಿ. ಮೊದಲ 20 ವರ್ಷ, ಅಂದರೆ 40 ಟರ್ನ್, ಗೆದ್ದ ಊರಲ್ಲಿ ಯಾರನ್ನೂ ಕೊಲ್ಲಬೇಡಿ, ಗುಲಾಮರನ್ನಾಗಿಯೂ ಮಾಡಬೇಡಿ. ತೆರಿಗೆ ಕಮ್ಮಿ ಇಡಿ, ರಸ್ತೆ ಹಾಕಿ, ಸೈನಿಕರನ್ನ ಎಲ್ಲ ಊರುಗಳಿಂದ ಸ್ವಲ್ಪ ಸ್ವಲ್ಪ ಎತ್ತಿ. ಖಜಾನೆ ನಿಧಾನವಾಗಿ ತುಂಬುತ್ತೆ, ಗಲಾಟೆ ಜಾಸ್ತಿ ಇರುತ್ತೆ. ಆದರೆ ಒಂದು ದೊಡ್ಡ ಯುದ್ಧ ಸೋತ ಮರು ಟರ್ನಿನಲ್ಲಿ ನಿಮ್ಮ ಊರುಗಳಲ್ಲಿ ಇನ್ನೂ ಎಷ್ಟು ಜನ ಇದ್ದಾರೆ ಅಂತ ನೋಡಿ. ಪಿರ್ರಸ್ ಎದುರಿಗೂ ಹ್ಯಾನಿಬಲ್ ಎದುರಿಗೂ ರೋಮನ್ನ ಕಾಪಾಡಿದ್ದು ಆ ಸಂಖ್ಯೆ.