ಪದ ಪರಿಚಯ: ವರ್ಚುಯಲ್

ವರ್ಚುಯಲ್: ಲ್ಯಾಟಿನ್‌ನಲ್ಲಿ 'ವಿರ್' ಎಂದರೆ ಗಂಡಸು, 'ವಿರ್ತುಸ್' ಎಂದರೆ ಪೌರುಷ, ಕಸುವು. ಸಂಸ್ಕೃತದಿಂದ ನಮಗೆ ಬಂದ 'ವೀರ' ಈ 'ವಿರ್'ಗೆ ಒಡಹುಟ್ಟು! ಕಸುವುಳ್ಳದ್ದು ಎಂಬ ಅರ್ಥದ 'ವಿರ್ತುಆಲಿಸ್' ಇಂಗ್ಲಿಷಿಗೆ ಬಂದು, ಹೆಸರಿಗೆ ಅದಲ್ಲದಿದ್ದರೂ ಪರಿಣಾಮದಲ್ಲಿ ಅದೇ ಆಗಿರುವುದು ಎಂದಾಯಿತು. ಐಬಿಎಂನ ವಿಎಂ/370 (1972; ವಿಎಂ ಎಂದರೆ 'ವರ್ಚುಯಲ್ ಮಷೀನ್') ಒಂದೇ ಕಂಪ್ಯೂಟರನ್ನು ಹಲವು ಯಂತ್ರಗಳಾಗಿ ಹಂಚಿಕೊಟ್ಟದ್ದು ಈ ಅರ್ಥದಲ್ಲೇ. ಇಂದು ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶದಲ್ಲಿ ಲಿನಕ್ಸ್ ಇಮೇಜ್ ಆರಿಸಿ, 2 ವಿಸಿಪಿಯು, 4 ಜಿಬಿ ರ‍್ಯಾಮ್‌ನ 'ಫ್ಲೇವರ್' ಕೊಟ್ಟು, ನೆಟ್‌ವರ್ಕ್ ಜೋಡಿಸಿದರೆ ಲಿನಕ್ಸ್ ಬೂಟ್ ಆಗುತ್ತದೆ, ಲಾಗಿನ್ ಕೇಳುತ್ತದೆ. ಇಷ್ಟು ದುಡಿಯುವ ವರ್ಚುಯಲ್ ಮಷೀನನ್ನು ಕನ್ನಡದಲ್ಲಿ 'ಕಾಲ್ಪನಿಕ ಯಂತ್ರ' ಎನ್ನುವುದು ತಪ್ಪು. ಹಿಂದಿಯ 'ಆಭಾಸೀ'ಯೂ ತೋರಿಕೆಯತ್ತಲೇ ವಾಲುತ್ತದೆ. ತಮಿಳಿನ 'ಮೆಯ್‌ನಿಗರ್', ಅಂದರೆ ನಿಜಕ್ಕೆ ಸಮನಾದದ್ದು, ಮೂಲಕ್ಕೆ ಎಷ್ಟೋ ಹತ್ತಿರ. ಅಂಥದ್ದೊಂದು ಕನ್ನಡದಲ್ಲಿ ನೆಲೆಯೂರುವವರೆಗೆ 'ವರ್ಚುಯಲ್ ಯಂತ್ರ' ಎಂದೇ ಬರೆಯುವುದು ಲೇಸು.