ದೂರದ ನಡಿಗೆಯ ಜಮಾಖರ್ಚು

ಸರ್ವಸಂಗ ಪರಿತ್ಯಾಗ ಮಾಡಿದ ಯತಿಯ ಪಾದವಿಹಾರಕ್ಕೆ ಹಣದ ಚೀಲ ಬೇಕಿಲ್ಲ. ಗೃಹಸ್ಥನ ಸ್ಥಿತಿ ಹಾಗಲ್ಲ. ಅವನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಸಂಚರಿಸಬೇಕೆಂದು ಸಂಕಲ್ಪಿಸಿದರೆ ಬೆಟ್ಟಕ್ಕಿಂತ ಮೊದಲು ಲೆಕ್ಕದ ಪುಸ್ತಕ ಅವನ ಎದುರಿಗೆ ಬಂದು ನಿಲ್ಲುತ್ತದೆ. ನಡೆಯುವ ದಿನಗಳಲ್ಲಿ ವರಮಾನವಿರುವುದಿಲ್ಲ. ಹಸಿವು ಮಾತ್ರ ಇಮ್ಮಡಿಯಾಗಿರುತ್ತದೆ. ಹಿಂದೆ ಮನೆಯಿದೆ, ಅವಲಂಬಿತರಿದ್ದಾರೆ, ತೀರಿಸಬೇಕಾದ ಬಾಕಿಯಿದೆ. ದೂರ ನಡೆದವರ ಚರಿತ್ರೆಯನ್ನು ಬರೆಯುವವರು ಹಾದಿ, ಹವೆ, ಕಾಡುಮೃಗಗಳ ಸಂಗತಿಯನ್ನೆಲ್ಲ ವರ್ಣಿಸಿ, ಆ ನಡಿಗೆಗೆ ತಗುಲಿದ ವೆಚ್ಚ ಎಲ್ಲಿಂದ ಬಂತೆಂಬುದನ್ನು ಬಿಟ್ಟರೆ ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದೀರ್ಘ ಪಾದಯಾತ್ರೆಯ ಸಂಪ್ರದಾಯಕ್ಕೆ ಹೆಸರು ತಂದವರಲ್ಲಿ ಇಬ್ಬರ ಜಮಾಖರ್ಚು ವಿಚಾರಯೋಗ್ಯವಾಗಿದೆ. ಒಬ್ಬನು ಹತ್ತೊಂಬತ್ತನೆಯ ಶತಮಾನದ ಜಾನ್ ಮ್ಯೂರ್. ಇನ್ನೊಬ್ಬಳು ಇಪ್ಪತ್ತನೆಯ ಶತಮಾನದ ಎಮ್ಮಾ ಗೇಟ್‌ವುಡ್. ಒಬ್ಬನು ದೊಡ್ಡ ತೋಟದ ಯಜಮಾನನಾದನು. ಇನ್ನೊಬ್ಬಳಿಗೆ ತಿಂಗಳಿಗೆ 52 ಡಾಲರಿನ ವೃದ್ಧಾಪ್ಯ ವೇತನವಿತ್ತು. ಇಬ್ಬರೂ ಸಾವಿರಾರು ಮೈಲಿ ನಡೆದರು. ಆದರೆ ‘ಇಷ್ಟು ಸಾಕು’ ಎಂಬ ಗೆರೆಯನ್ನು ಇಬ್ಬರೂ ಒಂದೇ ಬಗೆಯಲ್ಲಿ ಎಳೆಯಲಿಲ್ಲ.

ಮೊದಲ ಪಾಠ

ಜಾನ್ ಮ್ಯೂರ್ 1838ರಲ್ಲಿ ಸ್ಕಾಟ್‌ಲೆಂಡಿನ ಡನ್‌ಬಾರ್ ಪಟ್ಟಣದಲ್ಲಿ ಜನಿಸಿದನು. 1849ರಲ್ಲಿ ಕುಟುಂಬ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತಕ್ಕೆ ಬಂದು ನೆಲೆಸಿತು. ಯಂತ್ರಗಳ ವಿಷಯದಲ್ಲಿ ಅವನ ಬುದ್ಧಿ ಅಸಾಧಾರಣವಾಗಿತ್ತು. 1866ರಲ್ಲಿ ಇಂಡಿಯಾನಾಪೊಲಿಸ್ ನಗರದ ಗಾಡಿಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದನ್ನು ಸೇರಿದ ಅವನು ಬೇಗನೆ ಮಾಲಿಕರ ವಿಶ್ವಾಸಕ್ಕೆ ಪಾತ್ರನಾದನು. ಅಲ್ಲಿಯೇ ಉಳಿದಿದ್ದರೆ ಶ್ರೀಮಂತ ಉದ್ಯಮಿಯಾಗಿ ಬಾಳುವ ಎಲ್ಲ ಲಕ್ಷಣಗಳೂ ಇದ್ದವು. 1867ರ ಮಾರ್ಚ್‌ನಲ್ಲಿ ಕೆಲಸ ಮಾಡುತ್ತಿರುವಾಗ ಅರದ ತುದಿ ಜಾರಿ ಅವನ ಬಲಗಣ್ಣಿಗೆ ಚುಚ್ಚಿತು. ಕೆಲವು ಕಾಲ ಎಡಗಣ್ಣಿನ ದೃಷ್ಟಿಯೂ ಮಂಕಾಯಿತು. ಕತ್ತಲೆಯ ಕೋಣೆಯಲ್ಲಿ ವಾರಗಳನ್ನು ಕಳೆದು ದೃಷ್ಟಿಯನ್ನು ಮರಳಿ ಪಡೆದ ಅವನು, ಉಳಿದ ಆಯುಷ್ಯವನ್ನು ಸೃಷ್ಟಿಯ ದರ್ಶನಕ್ಕೆ ಮೀಸಲಿಡಲು ನಿಶ್ಚಯಿಸಿದನು.

ಆ ವರ್ಷ ಸೆಪ್ಟೆಂಬರ್ ಆರಂಭದಲ್ಲಿ ಅವನು ಕೆಂಟಕಿಯ ಲೂಯಿವಿಲ್ ನಗರದಿಂದ ದಕ್ಷಿಣಕ್ಕೆ ನಡೆಯತೊಡಗಿದನು. ಫ್ಲಾರಿಡಾದ ಕಡಲತೀರದವರೆಗೆ ಸುಮಾರು 1000 ಮೈಲಿಗಳ ನಡಿಗೆ ಅದು. ಕೈಯಲ್ಲಿದ್ದ ಹಣ ಸ್ವಲ್ಪ. ಸೋದರನು ಕಳುಹಿಸುವ ಹಣ ಸವಾನ್ನಾ ನಗರದಲ್ಲಿ ದೊರೆಯುವಂತೆ ಏರ್ಪಾಡಾಗಿತ್ತು. ಅವನು ಅಲ್ಲಿಗೆ ತಲುಪಿದಾಗ ಹಣ ಬಂದಿರಲಿಲ್ಲ. ವಸತಿಗೃಹದ ಬಾಡಿಗೆಯನ್ನು ತೆರಲಾರದೆ ಊರ ಹೊರಗಿನ ಬೊನಾವೆಂಚರ್ ಸ್ಮಶಾನದಲ್ಲಿ ಹಲವು ರಾತ್ರಿಗಳನ್ನು ಕಳೆದನು. ದಿನಕ್ಕೆ ಮೂರು ನಾಲ್ಕು ಸೆಂಟಿನ ಒಣ ಬಿಸ್ಕತ್ತಿನಿಂದ ಹೊಟ್ಟೆ ತುಂಬಿಸಿಕೊಂಡನು. ಕಡೆಗೆ ನಡೆಯುವಾಗ ತಲೆ ಸುತ್ತುವಷ್ಟು ನಿಶ್ಶಕ್ತಿ ಬಂತು. ಹಣ ಬಂದ ಮೇಲೆಯೂ ಕಚೇರಿಯ ಗುಮಾಸ್ತನು ಗುರುತಿನ ಪುರಾವೆ ಕೇಳಿದನು. ತಾನು ಸಸ್ಯಶಾಸ್ತ್ರವನ್ನು ಬಲ್ಲವನೆಂದು ಸೋದರನ ಪತ್ರದಲ್ಲಿ ಬರೆದಿದೆ, ಬೇಕಿದ್ದರೆ ಆ ವಿಷಯದಲ್ಲಿ ಪರೀಕ್ಷಿಸಿ ನೋಡಬಹುದು ಎಂದು ಮ್ಯೂರ್ ಉತ್ತರಿಸಿದನಂತೆ. ಗುಮಾಸ್ತನು ನಕ್ಕು ಹಣವನ್ನು ಕೊಡಿಸಿದನು.

ಮುಂದೆ ಫ್ಲಾರಿಡಾದ ಸೀಡರ್ ಕೀ ಎಂಬಲ್ಲಿ ಮಲೇರಿಯಾ ಜ್ವರ ಅವನನ್ನು ಕೆಡವಿತು. ಅಲ್ಲಿನ ಮರ ಕೊಯ್ಯುವ ಗಿರಣಿಯ ಒಡೆಯನ ಕುಟುಂಬ ತಿಂಗಳುಗಟ್ಟಲೆ ಆರೈಕೆ ಮಾಡದಿದ್ದರೆ ಆ ಯಾತ್ರೆ ಅಲ್ಲಿಗೇ ಮುಗಿಯುತ್ತಿತ್ತು. ದಕ್ಷಿಣ ಅಮೆರಿಕಕ್ಕೆ ಹೋಗಬೇಕೆಂಬ ಮೂಲ ಯೋಜನೆ ಕ್ಯೂಬಾ ದ್ವೀಪದಲ್ಲಿಯೇ ಕೈಬಿಟ್ಟುಹೋಯಿತು. ದಿನವಹಿ ಖರ್ಚು ಎಷ್ಟೇ ಕಡಿಮೆಯಿರಲಿ, ವಿಳಂಬಕ್ಕೂ ರೋಗಕ್ಕೂ ಪ್ರತ್ಯೇಕ ನಿಧಿ ಇಲ್ಲದವನು ಪರರ ದಯೆಯನ್ನೇ ತನ್ನ ಬಂಡವಾಳವಾಗಿ ಎಣಿಸಬೇಕಾಗುತ್ತದೆ.

ಅಗತ್ಯವನ್ನು ಇಳಿಸಿದ ವರ್ಷಗಳು

1868ರ ಮಾರ್ಚ್‌ನಲ್ಲಿ ಮ್ಯೂರ್ ಕ್ಯಾಲಿಫೋರ್ನಿಯಾಕ್ಕೆ ಬಂದು, ಅಲ್ಲಿಂದ ಯೊಸೆಮಿಟಿ ಕಣಿವೆಗೆ ನಡೆದುಹೋದನು. ಅಂದಿನಿಂದ ಕೆಲವು ವರ್ಷಗಳು ಅವನು ಅನುಸರಿಸಿದ ಕ್ರಮ ಸರಳವಾದದ್ದು. ಸುಗ್ಗಿಯ ಕೆಲಸ, ಕುದುರೆ ಪಳಗಿಸುವುದು, ಕುರಿಗಳ ಉಣ್ಣೆ ಕತ್ತರಿಸುವುದು, ಕುರಿ ಕಾಯುವುದು ಇವುಗಳಿಂದ ಸ್ವಲ್ಪ ಹಣ. ಆ ಹಣ ಇರುವವರೆಗೆ ಬೆಟ್ಟದ ಸಂಚಾರ. 1869ರ ಬೇಸಗೆಯಲ್ಲಿ ಕುರಿಮಂದೆಯೊಡನೆ ಸಿಯೆರಾ ನೆವಾಡ ಪರ್ವತಗಳಿಗೆ ಏರಿದಾಗ ಕೆಲಸ ಮತ್ತು ಸಂಚಾರ ಒಂದೇ ಆಗಿದ್ದವು. ಆ ವರ್ಷದ ಕೊನೆಯಿಂದ ಕಣಿವೆಯ ವಸತಿಗೃಹದ ಒಡೆಯನಾದ ಜೇಮ್ಸ್ ಹಚಿಂಗ್ಸ್ ಎಂಬವನಿಗಾಗಿ ಮರ ಕೊಯ್ಯುವ ಗಿರಣಿಯನ್ನು ಕಟ್ಟಿ ನಡೆಸಿದನು. ಬಿರುಗಾಳಿಗೆ ತಾನಾಗಿ ಬಿದ್ದ ಮರಗಳನ್ನು ಮಾತ್ರ ಕೊಯ್ಯಲಾಗುತ್ತಿತ್ತೆಂಬುದು ಇಲ್ಲಿ ಸ್ಮರಣೀಯ.

1871ರಲ್ಲಿ ಗಿರಣಿಯ ಕೆಲಸವನ್ನು ಬಿಟ್ಟ ಮ್ಯೂರ್, ಉಳಿಸಿದ ಸಂಬಳದಲ್ಲಿಯೇ ಹಿಮನದಿಗಳ ಅಧ್ಯಯನಕ್ಕೆ ತೊಡಗಿದನು. ಬೆಟ್ಟಕ್ಕೆ ಹೊರಟಾಗ ಅವನ ಆಹಾರ ರೊಟ್ಟಿ ಮತ್ತು ಚಹಾ. ಎಷ್ಟೋ ಬಾರಿ ಕಂಬಳಿಯೂ ಇರುತ್ತಿರಲಿಲ್ಲ. ಬೆಂಕಿಯ ಪಕ್ಕದಲ್ಲಿ ರಾತ್ರಿ ಕಳೆಯುತ್ತಿದ್ದನು. ಅದೇ ವರ್ಷ ಡಿಸೆಂಬರಿನಲ್ಲಿ ಯೊಸೆಮಿಟಿಯ ಹಿಮನದಿಗಳನ್ನು ಕುರಿತ ಅವನ ಲೇಖನ ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನಿಂದ ಬರವಣಿಗೆಯೂ ಒಂದು ಆದಾಯವಾಯಿತು.

ವ್ಯಾಪಾರಿಯ ಸಾಮಾನ್ಯ ಗಣಿತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಂಡವಾಳವನ್ನು ಎರಡರಷ್ಟು ಮಾಡುವುದು ಬಹಳ ಶ್ರಮದ ಕೆಲಸ. ಖರ್ಚನ್ನು ಅರ್ಧಕ್ಕೆ ಇಳಿಸಿದರೆ ಇದ್ದ ಬಂಡವಾಳವೇ ಎರಡರಷ್ಟು ಕಾಲ ಬಾಳುತ್ತದೆ. ಹೆಂಡತಿ ಮಕ್ಕಳ ಹೊಣೆಯಿಲ್ಲದ ಒಂಟಿ ಮನುಷ್ಯನಿಗೆ ಈ ಗಣಿತ ಸಲೀಸು. ಕುಟುಂಬಸ್ಥನ ಖಾತೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ತೋಟದ ದಶಕ

1880ರ ಏಪ್ರಿಲ್‌ನಲ್ಲಿ ಮ್ಯೂರ್ ಲೂಯಿ ಸ್ಟ್ರೆಂಟ್ಜೆಲ್ ಎಂಬವಳನ್ನು ವಿವಾಹವಾದನು. ಅವಳ ತಂದೆ ಪೋಲೆಂಡಿನಿಂದ ಬಂದ ವೈದ್ಯ, ತೋಟಗಾರಿಕೆಯಲ್ಲಿ ನಿಪುಣ. ಕ್ಯಾಲಿಫೋರ್ನಿಯಾದ ಮಾರ್ಟಿನೆಜ್ ಪಟ್ಟಣದ ಬಳಿ ಆ ಕುಟುಂಬದ ತೋಟ ಸುಮಾರು 2600 ಎಕರೆಯಷ್ಟಿತ್ತು. ಅಳಿಯನಾದ ಮ್ಯೂರ್ ಮೊದಲು ಅದರ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಬಳಿಕ ಇಡಿಯ ತೋಟದ ಆಡಳಿತವನ್ನು ವಹಿಸಿಕೊಂಡನು. ಹತ್ತಾರು ಬಗೆಯ ಹಣ್ಣುಗಳ ಬದಲು ಪೇಟೆಯಲ್ಲಿ ಬೆಲೆ ಬರುವ ಕೆಲವೇ ಜಾತಿಯ ದ್ರಾಕ್ಷಿ, ಮರಸೇಬುಗಳನ್ನು ಹೆಚ್ಚಾಗಿ ಬೆಳೆಸಿದನು. ವರ್ತಕರೊಡನೆ ಬಿಗಿಯಾಗಿ ಚೌಕಾಸಿ ಮಾಡುತ್ತಿದ್ದನು. ಮಾರಾಟದ ಹಣವನ್ನು ಬಟ್ಟೆ ಒಗೆಯಲು ಕೊಡುವ ಚೀಲದಲ್ಲಿ ಹಾಕಿಕೊಂಡು ಬ್ಯಾಂಕಿಗೆ ಒಯ್ಯುತ್ತಿದ್ದನೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ.

ಕುಟುಂಬಕ್ಕೆ ಸಾಕಾಗುವಷ್ಟು ಶಿಲ್ಕು ಕೂಡಿಸಿ, ಆಮೇಲೆ ನಿಶ್ಚಿಂತೆಯಿಂದ ಬೆಟ್ಟಗಳಿಗೆ ಮರಳಬೇಕೆಂಬುದು ಅವನ ಆಶಯ. ಅದು ಸಾಧುವಾದ ಆಶಯವೇ. ಇಬ್ಬರು ಹೆಣ್ಣುಮಕ್ಕಳ ತಂದೆ ಅವರ ಭವಿಷ್ಯವನ್ನು ಭದ್ರಪಡಿಸದೆ ಹೊರಟುಹೋದರೆ ಅದನ್ನು ಯಾರೂ ವೈರಾಗ್ಯವೆನ್ನಲಾರರು. ಆದರೆ ತೋಟ ಕೊಡುತ್ತಿದ್ದಂತೆಯೇ ಕೇಳುತ್ತಲೂ ಇತ್ತು. ಒಂದು ಸುಗ್ಗಿ ಮುಗಿದರೆ ಮುಂದಿನ ಸುಗ್ಗಿಯ ಸಿದ್ಧತೆ. 1881ರ ಆರ್ಕ್‌ಟಿಕ್ ಪ್ರವಾಸದ ನಂತರ ಹಲವು ವರ್ಷ ದೊಡ್ಡ ಸಂಚಾರಗಳೇ ಇಲ್ಲವಾದವು. ಬರವಣಿಗೆ ಬಹುಮಟ್ಟಿಗೆ ನಿಂತಿತು. ದೇಹ ಕೃಶವಾಯಿತು, ಕೆಮ್ಮು ಅಂಟಿಕೊಂಡಿತು. ನಡಿಗೆಗಾಗಿ ಆರಂಭಿಸಿದ ಉಳಿತಾಯ ನಡೆಯುವ ವರ್ಷಗಳನ್ನೇ ತಿನ್ನತೊಡಗಿತು.

ಲೆಕ್ಕವನ್ನು ಮುಗಿಸುವ ಮಾತು ಬಂದದ್ದು ಪತ್ನಿಯಿಂದ. 1888ರ ಬೇಸಗೆಯಲ್ಲಿ ಮ್ಯೂರ್ ರೇನಿಯರ್ ಪರ್ವತದ ಕಡೆಗೆ ಹೋಗಿದ್ದಾಗ ಲೂಯಿ ಅವನಿಗೊಂದು ಪತ್ರ ಬರೆದಳು. ಒಬ್ಬ ಮನುಷ್ಯನ ಬಾಳನ್ನೂ ಕಾರ್ಯವನ್ನೂ ಬಲಿಯಾಗಿ ಕೇಳುವ ತೋಟವನ್ನು ಇಟ್ಟುಕೊಳ್ಳುವುದಕ್ಕಿಂತ ಬಿಟ್ಟುಬಿಡುವುದೇ ಲೇಸೆಂಬುದು ಅದರ ತಾತ್ಪರ್ಯ. ತವರಿನ ಆಸ್ತಿಯ ಮೇಲಿನ ಮಮತೆಯನ್ನು ಬದಿಗಿಟ್ಟು ಹೀಗೆ ಬರೆದವಳ ವಿವೇಕ ದೊಡ್ಡದು. ತರುವಾಯದ ವರ್ಷಗಳಲ್ಲಿ ಭೂಮಿಯ ಕೆಲವು ಭಾಗಗಳನ್ನು ಮಾರಿ, ಕೆಲವನ್ನು ಗುತ್ತಿಗೆಗೆ ಕೊಟ್ಟು, ಉಳಿದುದರ ಆಡಳಿತವನ್ನು ಬಂಧುಗಳಿಗೆ ಒಪ್ಪಿಸಲಾಯಿತು. 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಸ್ಥಾಪನೆಗೆ ಮ್ಯೂರನ ಲೇಖನಗಳು ನೆರವಾದವು. 1892ರಲ್ಲಿ ಸಿಯೆರಾ ಕ್ಲಬ್ ಸಂಸ್ಥೆ ಹುಟ್ಟಿತು. 1894ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಅವನ ಮೊದಲ ಪುಸ್ತಕ ಹೊರಬಂತು. 1903ರಲ್ಲಿ ಹೊರಟ ಲೋಕಪ್ರವಾಸದಲ್ಲಿ ಅವನು ಭಾರತಕ್ಕೂ ಬಂದು ಹಿಮಾಲಯದ ದೇವದಾರು ಮರಗಳನ್ನು ನೋಡಿಹೋದನು. ಎಪ್ಪತ್ತು ದಾಟಿದ ಮೇಲೆ ದಕ್ಷಿಣ ಅಮೆರಿಕವನ್ನೂ ಆಫ್ರಿಕವನ್ನೂ ಕಂಡನು. ತರುಣನಾಗಿದ್ದಾಗ ಕೈತಪ್ಪಿದ ಯಾತ್ರೆ ನಲವತ್ತು ವರ್ಷಗಳಿಗೂ ಮೀರಿದ ಮೇಲೆ ಕೈಗೂಡಿತು.

ಈ ಖಾತೆಯಲ್ಲಿ ಇನ್ನೂ ಎರಡು ಬಾಬುಗಳಿವೆ. ಆ ತೋಟದಲ್ಲಿ ದುಡಿದವರಲ್ಲಿ ಚೀನಾದಿಂದ ವಲಸೆ ಬಂದ ಕೂಲಿಕಾರರಿದ್ದರು. ಅವರ ಬೆವರು ಮ್ಯೂರನ ಉಳಿತಾಯದಲ್ಲಿ ಸೇರಿದೆ. ಗಂಡನು ದೂರ ದೂರದ ಬೆಟ್ಟಗಳಲ್ಲಿದ್ದಾಗ ವೃದ್ಧ ತಂದೆತಾಯಿಯರನ್ನೂ ಮಕ್ಕಳನ್ನೂ ನೋಡಿಕೊಂಡವಳು ಲೂಯಿ. ಕಿರ್ದಿಯಲ್ಲಿ ಬರೆಯದ ಜಮೆಯೂ ಜಮೆಯೇ.

ಐವತ್ತೆರಡು ಡಾಲರಿನ ಯಾತ್ರಿಕಳು

ತೋಟವಿಲ್ಲದವರ ಗತಿ ಏನು? ಈ ಪ್ರಶ್ನೆಗೆ ಉತ್ತರವಾಗಿ ಎಮ್ಮಾ ಗೇಟ್‌ವುಡ್‌ಳ ಚರಿತ್ರೆ ನಿಲ್ಲುತ್ತದೆ. 1887ರಲ್ಲಿ ಒಹಾಯೊ ಪ್ರಾಂತದ ಬಡ ಕೃಷಿಕರ ಮನೆಯಲ್ಲಿ ಹುಟ್ಟಿದ ಆಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಹನ್ನೊಂದು ಮಕ್ಕಳ ತಾಯಿಯಾದಳು. ಗಂಡನ ಹೊಡೆತ ಬಡಿತಗಳನ್ನು ಮೂವತ್ತಕ್ಕೂ ಹೆಚ್ಚು ವರ್ಷ ಸಹಿಸಿ, ಕಡೆಗೆ ವಿಚ್ಛೇದನ ಪಡೆದಳು. ಆಸ್ತಿಯೆಂಬುದು ಆಕೆಗೆ ಇರಲಿಲ್ಲ.

ಅಪಲೇಚಿಯನ್ ಹಾದಿಯೆಂಬ ಕಾಲುದಾರಿ ಜಾರ್ಜಿಯಾದಿಂದ ಮೇನ್ ಪ್ರಾಂತದವರೆಗೆ ಹಬ್ಬಿದೆ. 1921ರಲ್ಲಿ ಬೆಂಟನ್ ಮೆಕೆ ಎಂಬವನು ಸೂಚಿಸಿದ ಈ ದಾರಿ 1937ರಲ್ಲಿ ಪೂರ್ಣಗೊಂಡಿತು. ಇದರ ಉದ್ದ ಆಗ ಸುಮಾರು 2050 ಮೈಲಿ. 1949ರ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಲೇಖನದಿಂದ ಎಮ್ಮಾ ಇದನ್ನು ತಿಳಿದುಕೊಂಡಳು. ಆಗ ಆಕೆ ಅರವತ್ತು ದಾಟಿದವಳು. ರೋಗಿಗಳ ಆರೈಕೆಯ ಗೃಹವೊಂದರಲ್ಲಿ ವಾರಕ್ಕೆ 25 ಡಾಲರ್ ಸಂಬಳಕ್ಕೆ ದುಡಿದು ಸಾಧ್ಯವಾದಷ್ಟನ್ನು ಉಳಿಸಿದಳು. ಸರ್ಕಾರದ ಸಾಮಾಜಿಕ ಭದ್ರತಾ ಯೋಜನೆಯಿಂದ ತಿಂಗಳಿಗೆ 52 ಡಾಲರಿನ ಕನಿಷ್ಠ ವೇತನಕ್ಕೆ ಅರ್ಹಳಾಗುವವರೆಗೆ ಕಾದಳು. ಆ ಅರ್ಹತೆ ದೊರೆತ ಮೇಲೆ ಇನ್ನಷ್ಟು ಕೂಡಿಸೋಣವೆಂದು ಕುಳಿತುಕೊಳ್ಳಲಿಲ್ಲ.

1954ರ ಮೊದಲ ಪ್ರಯತ್ನ ವಿಫಲವಾಯಿತು. ಮೇನ್ ಪ್ರಾಂತದ ಕಾಡಿನಲ್ಲಿ ದಾರಿ ತಪ್ಪಿತು, ಕನ್ನಡಕ ಒಡೆಯಿತು. ಅರಣ್ಯಾಧಿಕಾರಿಗಳು ಮನೆಗೆ ಹೋಗೆಂದರು. ಮರುವರ್ಷ ಮೇ 3ರಂದು ಅರವತ್ತೇಳರ ಎಮ್ಮಾ ದಕ್ಷಿಣದ ತುದಿಯಿಂದ ಹೊರಟಳು. ಮಕ್ಕಳಿಗೆ ತಿರುಗಾಡಲು ಹೋಗುವುದಾಗಿ ಹೇಳಿದ್ದಳೇ ಹೊರತು ಎಷ್ಟು ದೂರವೆಂದು ಹೇಳಿರಲಿಲ್ಲ. ಡೇರೆಯಿಲ್ಲ, ಮಲಗುವ ಚೀಲವಿಲ್ಲ. ತಾನೇ ಹೊಲಿದ ಬಟ್ಟೆಯ ಚೀಲ, ಒಂದು ಕಂಬಳಿ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸ್ ಬೂಟು. ಸೆಪ್ಟೆಂಬರ್ 25ರಂದು, 146ನೆಯ ದಿನ, ಉತ್ತರದ ತುದಿಯಾದ ಕಟಾಡಿನ್ ಶಿಖರವನ್ನು ಏರಿದಳು. ಸರಾಸರಿ ದಿನಕ್ಕೆ 14 ಮೈಲಿ. ಆ ಐದು ತಿಂಗಳಿಗೆ ಆಕೆಗೆ ಸಲ್ಲುವ ವೇತನ ಒಟ್ಟು 260 ಡಾಲರ್ ಮಾತ್ರ.

ಆ ಹಾದಿಯನ್ನು ಒಬ್ಬಳೇ ಒಂದೇ ಋತುವಿನಲ್ಲಿ ನಡೆದು ಮುಗಿಸಿದ ಮೊದಲ ಮಹಿಳೆ ಆಕೆ. 1957ರಲ್ಲಿ ಮತ್ತೆ ನಡೆದಳು. ಮೂರನೆಯ ಬಾರಿ ಭಾಗಭಾಗವಾಗಿ ನಡೆದು 1964ರಲ್ಲಿ ಮುಗಿಸಿದಳು. 1959ರಲ್ಲಿ ಮಿಸೌರಿಯಿಂದ ಆರೆಗನ್ನಿನ ಪೋರ್ಟ್‌ಲೆಂಡ್‌ವರೆಗೆ ಸುಮಾರು 2000 ಮೈಲಿ ನಡೆದಳು. ಇವೆಲ್ಲಕ್ಕೂ ಆಧಾರ ಅಲ್ಪ ವೇತನ ಮತ್ತು ಅದಕ್ಕಿಂತ ಅಲ್ಪವಾದ ಅಗತ್ಯ. ದಾರಿಯುದ್ದಕ್ಕೂ ಅಪರಿಚಿತರು ಊಟ, ಮಲಗಲು ಜಾಗ ಕೊಟ್ಟದ್ದೂ ಉಂಟು; ಬಾಗಿಲು ಮುಚ್ಚಿದ್ದೂ ಉಂಟು. ಬಾಗಿಲು ಮುಚ್ಚಿದ ರಾತ್ರಿ ಆಕೆ ಎಲೆಗಳನ್ನು ರಾಶಿ ಹಾಕಿ ಮಲಗುತ್ತಿದ್ದಳು.

ಶಿಲ್ಕು

ಈಗ ಅಮೆರಿಕದಲ್ಲಿ ಇಂಥ ದೀರ್ಘ ಹಾದಿಗಳನ್ನು ಒಂದಾದ ಮೇಲೊಂದರಂತೆ ನಡೆಯುವವರು ಅನೇಕರಿದ್ದಾರೆ. ಪೆಸಿಫಿಕ್ ಕ್ರೆಸ್ಟ್ ಹಾದಿಯೊಂದೇ ಸುಮಾರು 2650 ಮೈಲಿ. ಕೆಲವರು ವರ್ಷದ ಒಂದು ಭಾಗ ದುಡಿದು ಇನ್ನೊಂದು ಭಾಗ ನಡೆಯುತ್ತಾರೆ. ಕೆಲವರು ಹತ್ತಾರು ವರ್ಷ ಉಳಿಸಿ ಒಮ್ಮೆಗೇ ಹೊರಡುತ್ತಾರೆ. ಅವರ ಅಂದಾಜುಪಟ್ಟಿಗೂ ಹಳೆಯ ಪಾಠಗಳೇ ಸಲ್ಲುತ್ತವೆ. ಸಾಲವನ್ನು ಮೊದಲು ತೀರಿಸಬೇಕು, ಏಕೆಂದರೆ ಬಡ್ಡಿಗೆ ವಿಶ್ರಾಂತಿಯಿಲ್ಲ. ಮನೆಯ ವೆಚ್ಚವನ್ನೂ ಹಾದಿಯ ವೆಚ್ಚವನ್ನೂ ಬೇರೆ ಬೇರೆ ಖಾತೆಯಲ್ಲಿಡಬೇಕು. ಕಾಡಿನಲ್ಲಿ ಕಳೆದ ದಿನಕ್ಕಿಂತ ಪೇಟೆಯಲ್ಲಿ ತಂಗಿದ ದಿನವೇ ಕಿಸೆಯನ್ನು ಬರಿದುಮಾಡುತ್ತದೆ. ಹಿಂದಿರುಗಿದ ಮೇಲೆ ಕೆಲಸ ಸಿಗುವವರೆಗಿನ ಊಟಕ್ಕೂ ನಿಧಿಯಿರಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಉಳಿತಾಯಕ್ಕೂ ಒಂದು ಕೊನೆಯ ದಿನಾಂಕ ಬೇಕೆಂಬುದು. ಇಷ್ಟಾದರೆ ಸಾಕು ಎಂಬ ಮೊತ್ತವನ್ನು ಮೊದಲೇ ಬರೆದಿಡದವನಿಗೆ ಯಾವ ಮೊತ್ತವೂ ಸಾಲುವುದಿಲ್ಲ. ಸಂಗ್ರಹದ ಸ್ವಭಾವವೇ ಅಂಥದು. ಮ್ಯೂರನಿಗೆ ಆ ಗೆರೆಯನ್ನು ಪತ್ನಿ ಎಳೆದುಕೊಟ್ಟಳು, ಅಷ್ಟರಲ್ಲಿ ಎಂಟು ವರ್ಷಗಳು ಸಂದಿದ್ದವು. ಎಮ್ಮಾ ತನ್ನ ಗೆರೆಯನ್ನು 52 ಡಾಲರಿನಲ್ಲಿ ಎಳೆದು ಅದನ್ನು ದಾಟಿದೊಡನೆ ಹೊರಟಳು. ಹಣವನ್ನು ಕಳೆದುಕೊಂಡವನು ಮತ್ತೆ ಗಳಿಸಬಹುದು. ಮೊಣಕಾಲಿನ ಬಲವನ್ನೂ ಕಣ್ಣಿನ ದೃಷ್ಟಿಯನ್ನೂ ಯಾವ ಬ್ಯಾಂಕಿನಲ್ಲಿಯೂ ಠೇವಣಿಯಿಡಲಾಗದು. ಅಂದಾಜುಪಟ್ಟಿಯನ್ನು ಬರೆಯಲು ಕುಳಿತವರು ಹಣದ ಅಂಕಣದ ಪಕ್ಕದಲ್ಲಿ ಉಳಿದ ವರ್ಷಗಳ ಅಂಕಣವನ್ನೂ, ತಮಗಾಗಿ ದುಡಿದವರ ಋಣದ ಅಂಕಣವನ್ನೂ ಎಳೆಯುವುದು ಒಳ್ಳೆಯದು. ಮೂರನ್ನೂ ಕೂಡಿಸಿ ನೋಡಿದಾಗಲೇ ಸರಿಯಾದ ಶಿಲ್ಕು ತಿಳಿಯುತ್ತದೆ.